ಆಟದ ಯಂತ್ರಕ್ಕೆ ಪಂಚಾಂಗವುಂಟೆ?

ಗ್ರಹಣ ಯಾವಾಗ ಹಿಡಿಯುತ್ತದೆ, ಯಾವಾಗ ಬಿಡುತ್ತದೆ ಎಂಬುದನ್ನು ಪಂಚಾಂಗದವರು ಘಳಿಗೆ ವಿಘಳಿಗೆಗಳ ಲೆಕ್ಕದಲ್ಲಿ ಹೇಳಬಲ್ಲರು. ಆರಿದ್ರಾ ಮಳೆ ಯಾವ ದಿನ ಬೀಳುತ್ತದೆಂಬುದನ್ನು ಅದೇ ಪಂಚಾಂಗ ಅಷ್ಟು ಧೈರ್ಯದಿಂದ ಹೇಳಲಾರದು. ಮೊದಲನೆಯದು ಗಣಿತಕ್ಕೆ ಪೂರ್ತಿಯಾಗಿ ಒಳಪಟ್ಟದ್ದು. ಎರಡನೆಯದರಲ್ಲಿ ಗಣಿತದ ಹಿಡಿತಕ್ಕೆ ಸಿಕ್ಕದ ನೂರು ಗಾಳಿಗಳು ಬೀಸುತ್ತಿರುತ್ತವೆ. ಈ ಎರಡಕ್ಕೂ ಸೇರದ ಇನ್ನೊಂದು ಬಗೆಯ ಘಟನೆಯುಂಟು. ಅದರ ದಿನ ಕೆಲವರಿಗೆ ನಿಶ್ಚಯವಾಗಿ ಗೊತ್ತಿರುತ್ತದೆ. ಗೊತ್ತಿದ್ದವರು ಬಾಯಿ ಬಿಡುವುದಿಲ್ಲ. ಬಾಯಿ ಬಿಡುವವರಿಗೆ ಗೊತ್ತಿರುವುದಿಲ್ಲ. ವಿಡಿಯೊ ಆಟದ ಕಂಪೆನಿಯೊಂದು ತನ್ನ ಮುಂದಿನ ಕನ್ಸೋಲನ್ನು, ಅಂದರೆ ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರವನ್ನು, ಯಾವಾಗ ಮಾರುಕಟ್ಟೆಗೆ ತರುತ್ತದೆ ಎಂಬುದು ಈ ಬಗೆಯ ಪ್ರಶ್ನೆ. ಈ ಹೊತ್ತು ನಾನು ಹೇಳಹೊರಟಿರುವುದು ಆ ಪ್ರಶ್ನೆಗೆ ಉತ್ತರವನ್ನಲ್ಲ. ಉತ್ತರವನ್ನು ಜನ ಯಾವ ಯಾವ ಹಾದಿಯಲ್ಲಿ ಹುಡುಕುತ್ತಾರೆ, ಆ ಹಾದಿಗಳಲ್ಲಿ ಯಾವುದು ಊರು ಮುಟ್ಟಿಸುತ್ತದೆ, ಯಾವುದು ಕಾಡಿನಲ್ಲಿ ಬಿಡುತ್ತದೆ ಎಂಬುದನ್ನು.

ಇದು ಮಕ್ಕಳ ಆಟಿಕೆಯ ಮಾತು, ಇದಕ್ಕೆ ಇಷ್ಟು ವಿಚಾರವೇಕೆ ಎಂದು ಕೇಳುಗರಲ್ಲಿ ಕೆಲವರಿಗೆ ತೋರಬಹುದು. ಆದರೆ ಒಂದು ಯಂತ್ರದ ಬೆಲೆ ನಮ್ಮ ನಾಡಿನ ಮಧ್ಯಮ ವರ್ಗದ ಮನೆಯೊಂದರ ತಿಂಗಳ ಸಂಬಳದಷ್ಟಾಗುವ ಕಾಲದಲ್ಲಿ, ಇಂದು ಕೊಂಡದ್ದು ಆರು ತಿಂಗಳಲ್ಲಿ ಹಳತಾಗುವುದೇ ಎಂಬ ಪ್ರಶ್ನೆ ಆಟದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅಂಗಡಿಯವನಿಗೆ ಅದು ದಾಸ್ತಾನಿನ ಪ್ರಶ್ನೆ. ಹತ್ತು ಹದಿನೈದು ಜನ ಸೇರಿ ಸಾಲ ಮಾಡಿ ನಾಲ್ಕು ವರ್ಷ ಕುಳಿತು ಒಂದು ಆಟವನ್ನು ಕಟ್ಟುವ ಸಣ್ಣ ತಂಡಕ್ಕೆ ಅದು ಅನ್ನದ ಪ್ರಶ್ನೆ. ಯಂತ್ರ ಹೊರಡುವ ದಿನಕ್ಕೆ ಆಟ ಸಿದ್ಧವಾಗಿದ್ದರೆ ಅದನ್ನು ಲಕ್ಷಾಂತರ ಜನ ನೋಡುತ್ತಾರೆ, ಆರು ತಿಂಗಳು ತಡವಾದರೆ ನೂರರಲ್ಲಿ ಒಂದಾಗಿ ಹೋಗುತ್ತದೆ. ಕಂಪೆನಿಗಾದರೋ ಕೆಲವೊಮ್ಮೆ ಅದು ಜೀವನ್ಮರಣದ ಪ್ರಶ್ನೆ.

ಈ ಕೊನೆಯ ಮಾತಿಗೆ ಸೆಗಾ ಎಂಬ ಜಪಾನೀ ಕಂಪೆನಿಯ ಕಥೆ ಸಾಕ್ಷಿ. ಆ ಕಂಪೆನಿ 1994ರ ನವೆಂಬರಿನಲ್ಲಿ ಜಪಾನಿನಲ್ಲಿ ಒಂದು ಯಂತ್ರವನ್ನು ಹೊರತಂದಿತು. ಅದಕ್ಕೆ ಇಟ್ಟ ಹೆಸರು ಸ್ಯಾಟರ್ನ್, ಎಂದರೆ ಸಾಕ್ಷಾತ್ ಶನಿ. ನಮ್ಮವರಾಗಿದ್ದರೆ ವ್ಯಾಪಾರಕ್ಕೆ ಆ ಹೆಸರಿಡಲು ಸ್ವಲ್ಪ ಹಿಂದುಮುಂದು ನೋಡುತ್ತಿದ್ದರು. ಅಮೆರಿಕದಲ್ಲಿ ಅದು 1995ರ ಸೆಪ್ಟೆಂಬರ್ 2ರ ಶನಿವಾರ ಮಾರಾಟಕ್ಕೆ ಬರುವುದೆಂದು ಸಾರಿಯಾಗಿತ್ತು. ಹೆಸರಿಗೂ ವಾರಕ್ಕೂ ಹೊಂದಿಕೆಯಾಯಿತೆಂದು ಜಾಹೀರಾತಿನವರು ಹಿಗ್ಗಿದ್ದರು. ಅದೇ ತಿಂಗಳ 9ರಂದು ಸೋನಿ ಕಂಪೆನಿಯ ಪ್ಲೇಸ್ಟೇಷನ್ ಬರುವುದಿತ್ತು. ಎದುರಾಳಿಗಿಂತ ಮುಂಚೆ ಅಂಗಳಕ್ಕೆ ಇಳಿಯಬೇಕೆಂಬ ಆತುರ ಸೆಗಾದ ಹಿರಿಯರಿಗೆ ಹತ್ತಿತು. 1995ರ ಮೇ 11ರಂದು ಲಾಸ್ ಏಂಜಲೀಸಿನಲ್ಲಿ ನಡೆದ ಮೊದಲ ಇ-3 ಪ್ರದರ್ಶನದಲ್ಲಿ ಕಂಪೆನಿಯ ಅಮೆರಿಕದ ಮುಖ್ಯಸ್ಥ ಟಾಮ್ ಕಲಿನ್ಸ್ಕಿ ವೇದಿಕೆಯೇರಿ, ಯಂತ್ರ ಸೆಪ್ಟೆಂಬರಿಗೆ ಬರುವುದಲ್ಲ, ಈಗಾಗಲೇ ಅಂಗಡಿಗಳಿಗೆ ಬಂದಿದೆ, ಬೆಲೆ 399 ಡಾಲರು ಎಂದು ಸಾರಿದರು. ಸಭೆ ಬೆರಗಾಯಿತು. ಆ ಬೆರಗು ಬಹಳ ಹೊತ್ತು ಉಳಿಯಲಿಲ್ಲ. ಸೋನಿಯ ಸರದಿ ಬಂದಾಗ ಸ್ಟೀವ್ ರೇಸ್ ಎಂಬ ಅಧಿಕಾರಿ ವೇದಿಕೆಗೆ ಬಂದು 299 ಎಂಬ ಒಂದೇ ಅಂಕಿಯನ್ನು ಉಚ್ಚರಿಸಿ ಕೆಳಗಿಳಿದರು. ವಾಗ್ಮಿತೆಯ ಇತಿಹಾಸದಲ್ಲಿ ಇಷ್ಟು ಚಿಕ್ಕ ಭಾಷಣ ಇಷ್ಟು ದೊಡ್ಡ ಕೆಲಸ ಮಾಡಿದ್ದು ಅಪರೂಪವೆಂದೇ ಹೇಳಬೇಕು.

ಆದರೆ ಸೆಗಾದ ನಿಜವಾದ ನಷ್ಟ ಬೆಲೆಯಿಂದ ಮಾತ್ರ ಆದದ್ದಲ್ಲ. ದಿನವನ್ನು ಬಚ್ಚಿಟ್ಟದ್ದರಿಂದಲೂ ಆಯಿತು. ಯಂತ್ರಗಳು ಆಯ್ದ ಕೆಲವು ಅಂಗಡಿ ಸಮೂಹಗಳಿಗೆ ಮಾತ್ರ ತಲುಪಿದ್ದವು. ಉಳಿದ ವರ್ತಕರು ತಮ್ಮನ್ನು ಪಂಕ್ತಿಯಿಂದ ಎಬ್ಬಿಸಿದಂತಾಯಿತೆಂದು ಕೆರಳಿದರು. ಕೆಬಿ ಟಾಯ್ಸ್ ಎಂಬ ಆಟಿಕೆ ವ್ಯಾಪಾರಿಗಳು ಸೆಗಾದ ಸರಕನ್ನೇ ಕೈಬಿಟ್ಟರು. ಸೆಪ್ಟೆಂಬರಿಗೆಂದು ಆಟಗಳನ್ನು ಸಿದ್ಧಪಡಿಸುತ್ತಿದ್ದ ಹೊರಗಿನ ಪ್ರಕಾಶಕರ ಬಳಿ ಮೇ ತಿಂಗಳಲ್ಲಿ ಅರ್ಧ ಬೆಂದ ಅಡುಗೆಯಲ್ಲದೆ ಬೇರೇನೂ ಇರಲಿಲ್ಲ. ಯಂತ್ರ ಬಂತು, ಆಡಲು ಆಟಗಳಿಲ್ಲ. ಮುಂದೆ 1998ರಲ್ಲಿ ಡ್ರೀಮ್‌ಕಾಸ್ಟ್ ಎಂಬ ಯೋಗ್ಯವಾದ ಯಂತ್ರವನ್ನೇ ಸೆಗಾ ತಂದಿತಾದರೂ, 1999ರ ಮಾರ್ಚಿನಲ್ಲಿ ಸೋನಿ ತನ್ನ ಎರಡನೆಯ ಪ್ಲೇಸ್ಟೇಷನ್ನಿನ ಗುಣಗಾನವನ್ನು ಆರಂಭಿಸಿದ ಮೇಲೆ ಬಹಳ ಮಂದಿ ಕೊಳ್ಳುವ ಕೈಯನ್ನು ತಡೆದು ಕಾದು ಕುಳಿತರು. ಆ ಯಂತ್ರ ಜಪಾನಿನ ಅಂಗಡಿಗೆ ಬಂದದ್ದು 2000ದ ಮಾರ್ಚ್ 4ರಂದು. ಅಂಗಡಿಗೇ ಬಾರದ ವಸ್ತು, ಅಂಗಡಿಯಲ್ಲಿದ್ದ ವಸ್ತುವಿನ ಮಾರಾಟವನ್ನು ತಿಂದುಹಾಕಿತು. 2001ರ ಜನವರಿಯಲ್ಲಿ ಸೆಗಾ ತಾನಿನ್ನು ಯಂತ್ರಗಳನ್ನು ತಯಾರಿಸುವುದಿಲ್ಲವೆಂದು ಪ್ರಕಟಿಸಿತು.

ಹೀಗೆ ದಿನವನ್ನು ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ. ಬೇಗ ಹೇಳಿದರೆ ಇರುವ ಯಂತ್ರವನ್ನು ಕೊಳ್ಳುವವರು ನಿಲ್ಲುತ್ತಾರೆ. ಅಮೆರಿಕದ ಆಸ್ಬಾರ್ನ್ ಎಂಬ ಕಂಪ್ಯೂಟರ್ ಕಂಪೆನಿ 1983ರಲ್ಲಿ ತನ್ನ ಮುಂದಿನ ಯಂತ್ರದ ಸುದ್ದಿಯನ್ನು ಅವಸರದಲ್ಲಿ ಹರಡಿ, ಇದ್ದ ಯಂತ್ರ ಮಾರಾಟವಾಗದೆ ಅದೇ ವರ್ಷ ದಿವಾಳಿಯೆದ್ದಿತೆಂದು ವ್ಯಾಪಾರಶಾಸ್ತ್ರದಲ್ಲಿ ಒಂದು ಕಥೆಯೇ ಇದೆ. ಆ ಕಂಪೆನಿ ಮುಳುಗಲು ಬೇರೆ ಕಾರಣಗಳೂ ಇದ್ದವೆಂದು ಆಮೇಲಿನವರು ವಾದಿಸಿದ್ದಾರೆ; ಆದರೂ ಕಥೆಯ ಹೆದರಿಕೆ ಉಳಿದುಕೊಂಡಿದೆ. ತಡವಾಗಿ ಹೇಳಿದರೆ ಸೆಗಾದ ಗತಿ. ಈ ಇಕ್ಕಟ್ಟಿನಿಂದಲೇ ಮೌನ ಹುಟ್ಟುತ್ತದೆ, ಆ ಮೌನದಿಂದ ಊಹೆ ಹುಟ್ಟುತ್ತದೆ.

ಊಹೆಯ ಕಲೆಯನ್ನು ಪರೀಕ್ಷಿಸಲು ನಿಂಟೆಂಡೊ ಕಂಪೆನಿಗಿಂತ ಒಳ್ಳೆಯ ಕ್ಷೇತ್ರ ಸಿಕ್ಕದು. 1889ರಲ್ಲಿ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರಗಳ ಇಸ್ಪೀಟೆಲೆಗಳನ್ನು ಮಾಡಲು ಹುಟ್ಟಿದ ಸಂಸ್ಥೆ ಅದು. ಎಲೆಯನ್ನು ಎದೆಗೆ ಒತ್ತಿ ಹಿಡಿದು ಆಡುವ ಸ್ವಭಾವ ಅದಕ್ಕೆ ಮೂಲದಿಂದಲೇ ಬಂದಿರಬೇಕು. 2017ರ ಮಾರ್ಚ್ 3ರಂದು ಅದು ಸ್ವಿಚ್ ಎಂಬ ಯಂತ್ರವನ್ನು ತಂದಿತು. ಕೈಯಲ್ಲಿ ಹಿಡಿದೂ ಆಡಬಹುದು, ಟೆಲಿವಿಷನ್ನಿಗೆ ಜೋಡಿಸಿಯೂ ಆಡಬಹುದು. ಅದರ ಉತ್ತರಾಧಿಕಾರಿ ಯಾವಾಗ ಬರುತ್ತದೆಂಬ ಚರ್ಚೆ ಜಗತ್ತಿನ ಆಟಗಾರರಲ್ಲಿ ನಾಲ್ಕೈದು ವರ್ಷಗಳ ಕಾಲ ನಡೆಯಿತು.

ಊಹಿಸುವವರ ಮೊದಲ ಆಯುಧ ಸರಾಸರಿ. ನಿಂಟೆಂಡೊದ ಮನೆಯ ಯಂತ್ರಗಳ ಜಾತಕವನ್ನು ಹರಡಿಕೊಳ್ಳೋಣ. ಫ್ಯಾಮಿಕಾಮ್ ಬಂದದ್ದು 1983ರ ಜುಲೈಯಲ್ಲಿ. ಸೂಪರ್ ಫ್ಯಾಮಿಕಾಮ್ 1990ರ ನವೆಂಬರಿನಲ್ಲಿ. ನಿಂಟೆಂಡೊ 64 ಎಂಬುದು 1996ರ ಜೂನಿನಲ್ಲಿ. ಗೇಮ್‌ಕ್ಯೂಬ್ 2001ರ ಸೆಪ್ಟೆಂಬರಿನಲ್ಲಿ. ವೀ 2006ರ ನವೆಂಬರಿನಲ್ಲಿ. ವೀ-ಯು 2012ರ ನವೆಂಬರಿನಲ್ಲಿ. ಸ್ವಿಚ್ 2017ರ ಮಾರ್ಚಿನಲ್ಲಿ. ಮೂವತ್ಮೂರೂವರೆ ವರ್ಷಗಳಲ್ಲಿ ಆರು ಅಂತರಗಳು. ಒಂದೊಂದಕ್ಕೆ ಸರಾಸರಿ ಐದೂವರೆ ವರ್ಷದ ಮೇಲೆ ಒಂದಿಷ್ಟು. ಸ್ವಿಚ್ಚಿನ ಜನನಕ್ಕೆ ಅದನ್ನು ಕೂಡಿಸಿದರೆ 2022ರ ಕೊನೆಯ ತಿಂಗಳುಗಳು ಸಿಕ್ಕುತ್ತವೆ. ಲೆಕ್ಕ ತಪ್ಪಿಲ್ಲ. ಫಲ ಮಾತ್ರ ಎರಡೂವರೆ ವರ್ಷ ತಪ್ಪಿತು. ಸ್ವಿಚ್ 2 ಬಂದದ್ದು 2025ರ ಜೂನ್ 5ರಂದು.

ಏಕೆ ಹೀಗಾಯಿತು? ಸರಾಸರಿಯೊಳಗೆ ಕಾರಣಗಳು ಕರಗಿಹೋಗಿರುತ್ತವೆ. ವೀ ಎಂಬ ಯಂತ್ರ 10 ಕೋಟಿಗೂ ಮೀರಿ ಮಾರಾಟವಾಗಿತ್ತು; ಅದರ ಮಗ ವೀ-ಯು 1 ಕೋಟಿ 35 ಲಕ್ಷದ ಆಸುಪಾಸಿನಲ್ಲಿ ನಿಂತುಹೋಯಿತು. ಬಿದ್ದ ಎತ್ತನ್ನು ಎಷ್ಟು ದಿನ ಹೂಡಲಾದೀತು? ಆದ್ದರಿಂದ ನಾಲ್ಕು ವರ್ಷ ಕೆಲವು ತಿಂಗಳಿಗೇ ಹೊಸ ಯಂತ್ರ ಬರಬೇಕಾಯಿತು. ಸ್ವಿಚ್ಚಿನದು ಬೇರೆಯ ಕಥೆ. ಅದು 15 ಕೋಟಿಯನ್ನೂ ದಾಟಿತು. ಹಾಲು ಕೊಡುವ ಹಸುವನ್ನು ಪಂಚಾಂಗ ನೋಡಿ ಯಾರೂ ಕೊಟ್ಟಿಗೆಯಿಂದ ಹೊರಗೆ ಅಟ್ಟುವುದಿಲ್ಲ. ಹಾಗಾಗಿ ಯಂತ್ರದ ವಯಸ್ಸಿಗಿಂತ ಅದರ ಆರೋಗ್ಯವನ್ನು ವಿಚಾರಿಸಿದವರು ನಿಜಕ್ಕೆ ಹತ್ತಿರವಾಗಿದ್ದರು.

ಎರಡನೆಯ ಆಯುಧ ಸುದ್ದಿ. 2021ರಲ್ಲಿ, ಹೆಚ್ಚು ಸ್ಫುಟವಾದ ಚಿತ್ರ ತೋರಿಸುವ ಪ್ರಬಲವಾದ ಸ್ವಿಚ್ ಬರುತ್ತದೆಂದು ಪ್ರತಿಷ್ಠಿತ ಪತ್ರಿಕಾಸಂಸ್ಥೆಗಳೇ ಬರೆದವು. ಜನ ತಾವೇ ಅದಕ್ಕೆ ಸ್ವಿಚ್ ಪ್ರೊ ಎಂದು ನಾಮಕರಣವನ್ನೂ ಮಾಡಿ ಮುಗಿಸಿದರು. ಆ ಜುಲೈ 6ರಂದು ನಿಂಟೆಂಡೊ ಪ್ರಕಟಿಸಿದ್ದು ಹಳೆಯ ಯಂತ್ರಕ್ಕೇ ಒಳ್ಳೆಯ ಪರದೆ ಹಾಕಿದ ಒಂದು ಮಾದರಿಯನ್ನು. ಬೇರೆ ಮಾದರಿಯನ್ನು ತರುವ ಯೋಚನೆ ಸದ್ಯಕ್ಕಿಲ್ಲವೆಂದು ಅದೇ ತಿಂಗಳು ಸ್ಪಷ್ಟೀಕರಣವನ್ನೂ ಕೊಟ್ಟಿತು. ಸುದ್ದಿ ಬರೆದವರು ಕೇಳಿದ್ದೆಲ್ಲ ಸುಳ್ಳೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಒಂದು ಯಂತ್ರ ಹೊರಬರುವ ಮುಂಚೆ ಕಂಪೆನಿಯೊಳಗೆ ಹಲವು ಯಂತ್ರಗಳು ಕಾಗದದ ಮೇಲೆ ಹುಟ್ಟಿ ಕಾಗದದ ಮೇಲೆಯೇ ಸಾಯುತ್ತವೆ. ಆ ಗರ್ಭಸ್ಥ ಸಂಗತಿಯನ್ನು ಕಂಡವನು ಹೆರಿಗೆಯ ದಿನವನ್ನು ಕಂಡಂತಾಗುವುದಿಲ್ಲ.

ಗುಟ್ಟು ಹೊರಬೀಳುವ ಬಗೆಯನ್ನೂ ಸ್ವಲ್ಪ ವಿವರಿಸಬೇಕು. ಯಂತ್ರದ ಹೃದಯವಾದ ಚಿಪ್ಪನ್ನು ಒಬ್ಬರು ಯೋಜಿಸುತ್ತಾರೆ. ಸ್ವಿಚ್ ಎರಡಕ್ಕೂ ಅಮೆರಿಕದ ಎನ್ವಿಡಿಯಾ ಆ ಕೆಲಸ ಮಾಡಿತು. ಅದನ್ನು ಅಚ್ಚು ಹಾಕುವವರು ಇನ್ನೊಬ್ಬರು. ಪರದೆ, ಬ್ಯಾಟರಿ, ಗುಂಡಿಗಳು ಬೇರೆ ಬೇರೆ ಕಾರ್ಖಾನೆಗಳಿಂದ ಬರುತ್ತವೆ. ಜೋಡಣೆ ಚೀನಾದಲ್ಲಿ, ವಿಯೆಟ್ನಾಮಿನಲ್ಲಿ. ಆಟಗಳನ್ನು ಬರೆಯುವವರಿಗೆ ವರ್ಷಗಳ ಮುಂಚೆಯೇ ಪರೀಕ್ಷಾ ಯಂತ್ರಗಳನ್ನು ಕಳಿಸಬೇಕು. ರೇಡಿಯೊ ಅಲೆಗಳನ್ನು ಹೊಮ್ಮಿಸುವ ವಸ್ತುವಾದ್ದರಿಂದ ಸರ್ಕಾರಿ ಅನುಮತಿ ಬೇಕು. ಹೊದಿಕೆ, ಚೀಲ ಹೊಲಿಯುವವರಿಗೆ ಅಳತೆ ಗೊತ್ತಾಗಬೇಕು. ಮದುವೆಯನ್ನು ಗುಟ್ಟಾಗಿ ಮಾಡಬೇಕೆಂದು ಹೊರಟವನು ಅಡಿಗೆಯವರಿಗೆ, ಓಲಗದವರಿಗೆ, ಚಪ್ಪರದವರಿಗೆ ಹೇಳದೆ ಇರಲಾದೀತೆ? 2025ರ ಜನವರಿಯಲ್ಲಿ, ನಿಂಟೆಂಡೊ ಇನ್ನೂ ಬಾಯಿ ಬಿಡುವ ಮುಂಚೆಯೇ, ಗೆಂಕಿ ಎಂಬ ಉಪಕರಣ ತಯಾರಕರು ಲಾಸ್ ವೇಗಾಸಿನ ಪ್ರದರ್ಶನದ ಸಮಯದಲ್ಲಿ ಹೊಸ ಸ್ವಿಚ್ಚಿನ ಪ್ರತಿಕೃತಿಯೊಂದನ್ನು ಕಂಡವರಿಗೆಲ್ಲ ತೋರಿಸಿದರು. ಚಪ್ಪರದವನು ಬೀದಿಯಲ್ಲಿ ನಿಂತು ವರನ ಎತ್ತರ ಹೇಳಿದಂತಾಯಿತು.

ಇಲ್ಲಿ ನಮ್ಮ ಬೆಂಗಳೂರಿನ ಹೆಸರೂ ಒಂದು ಮೂಲೆಯಲ್ಲಿ ಬರುತ್ತದೆ. 2010ರ ದಶಕದ ನಡುವಿನ ಕೆಲವು ವರ್ಷಗಳಲ್ಲಿ ಭಾರತದ ಆಮದು ದಾಖಲೆಗಳನ್ನು ಜೌಬಾ ಎಂಬ ಖಾಸಗಿ ಸಂಗ್ರಹವೊಂದು ಸಾರ್ವಜನಿಕವಾಗಿ ಪ್ರಕಟಿಸುತ್ತಿತ್ತು. ಚಿತ್ರಗಳನ್ನು ಮೂಡಿಸುವ ಹೊಸ ಚಿಪ್ಪುಗಳ ಮಾದರಿಗಳು ಪರೀಕ್ಷೆಗೆಂದು ಬೆಂಗಳೂರು, ಹೈದರಾಬಾದುಗಳ ಕಚೇರಿಗಳಿಗೆ ಬರುತ್ತಿದ್ದವು. ಸುಂಕದ ಕಾಗದದಲ್ಲಿ ವಸ್ತುವಿನ ಸಂಕೇತನಾಮ, ಸಂಖ್ಯೆ, ಬೆಲೆಗಳನ್ನು ನಮೂದಿಸಲೇಬೇಕಷ್ಟೆ. ದೂರದ ಅಮೆರಿಕ, ಜರ್ಮನಿಗಳಲ್ಲಿ ಕುಳಿತ ಕುತೂಹಲಿಗಳು ನಮ್ಮ ವಿಮಾನನಿಲ್ದಾಣದ ಸುಂಕದ ಪಟ್ಟಿಯನ್ನು ಓದಿ, ಯಾವ ಚಿಪ್ಪು ಯಾವಾಗ ಬರಲಿದೆಯೆಂದು ಲೆಕ್ಕ ಹಾಕುತ್ತಿದ್ದರು. ಅವು ಬಹುಪಾಲು ಕಂಪ್ಯೂಟರಿನ ಚಿಪ್ಪುಗಳು, ಆಟದ ಯಂತ್ರಗಳವಲ್ಲ. ಆದರೆ ವಿಧಾನ ಅದೇ. ಈ ಬಗೆಯ ಸಾಕ್ಷ್ಯವನ್ನು ನಾನು ಗಾಳಿಸುದ್ದಿಗಿಂತ ಎತ್ತರದಲ್ಲಿ ಇಡುತ್ತೇನೆ. ಸುಂಕದ ಗುಮಾಸ್ತನಿಗೆ ನಮ್ಮನ್ನು ರಂಜಿಸುವ ಉದ್ದೇಶವಿರುವುದಿಲ್ಲ.

ಅದಕ್ಕಿಂತಲೂ ಮೇಲಿನದು, ಹೇಳಿದವನನ್ನೇ ಕಟ್ಟಿಹಾಕುವ ಮಾತು. ನಿಂಟೆಂಡೊದ ಅಧ್ಯಕ್ಷ ಶುಂತಾರೊ ಫುರುಕಾವಾ ಅವರು 2024ರ ಮೇ 7ರಂದು, ಸ್ವಿಚ್ಚಿನ ಉತ್ತರಾಧಿಕಾರಿಯನ್ನು ಈ ಆರ್ಥಿಕ ವರ್ಷದೊಳಗೆ ಪ್ರಕಟಿಸುತ್ತೇವೆ ಎಂದು ತಿಳಿಸಿದರು. ಜಪಾನಿನ ಕಂಪೆನಿಗಳ ಆರ್ಥಿಕ ವರ್ಷ ನಮ್ಮಲ್ಲಿಯಂತೆಯೇ ಏಪ್ರಿಲ್ 1ಕ್ಕೆ ಹುಟ್ಟಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆದ್ದರಿಂದ ಕೊನೆಯ ಗಡು 2025ರ ಮಾರ್ಚ್ 31. ಷೇರುದಾರರ ಮುಂದೆ ಆಡಿದ ಮಾತನ್ನು ಮುರಿದರೆ ಅಧ್ಯಕ್ಷನಿಗೆ ಮರ್ಯಾದೆಯೂ ಹೋಗುತ್ತದೆ, ಷೇರಿನ ಬೆಲೆಯೂ ಇಳಿಯುತ್ತದೆ. ಇಲ್ಲಿ ಪದಗಳ ಅರ್ಥವನ್ನು ಬಿಗಿಯಾಗಿ ಹಿಡಿಯುವುದು ಮುಖ್ಯ. ಅವರು ಹೇಳಿದ್ದು ಪ್ರಕಟಿಸುತ್ತೇವೆ ಎಂದು, ಮಾರುತ್ತೇವೆ ಎಂದಲ್ಲ. ಆದರೂ ಎಷ್ಟೋ ಮಂದಿ ಆ ವಾಕ್ಯವನ್ನು ಓದಿ ಆ ವರ್ಷದ ಕ್ರಿಸ್‌ಮಸ್ಸಿಗೆ ಯಂತ್ರ ಕೈಗೆ ಬಂದೇಬಿಟ್ಟಿತೆಂದು ಸಂಭ್ರಮಿಸಿದರು. ಕಂಪೆನಿ ಅದೇ ಹೊತ್ತಿಗೆ, ಆ ವರ್ಷ ಹಳೆಯ ಸ್ವಿಚ್ಚನ್ನೇ 1 ಕೋಟಿ 35 ಲಕ್ಷ ಮಾರುವ ಅಂದಾಜನ್ನು ತನ್ನ ಲೆಕ್ಕಪತ್ರದಲ್ಲಿ ಮಂಡಿಸಿತ್ತು. ಹೊಸದು ಆ ವರ್ಷವೇ ಅಂಗಡಿಗೆ ಬರುವುದಾಗಿದ್ದರೆ ಏಳು ವರ್ಷದ ಹಳೆಯ ಯಂತ್ರಕ್ಕೆ ಅಷ್ಟು ದೊಡ್ಡ ಅಂಕಿಯನ್ನು ಯಾರೂ ಇಡುತ್ತಿರಲಿಲ್ಲ. ಲೆಕ್ಕಪತ್ರ ಓದುವ ತಾಳ್ಮೆಯಿದ್ದವರಿಗೆ ಉತ್ತರ ಅಲ್ಲೇ ಇತ್ತು. 2025ರ ಜನವರಿ 16ರಂದು ಪ್ರಕಟಣೆಯಾಯಿತು. ಏಪ್ರಿಲ್ 2ರಂದು ದಿನ, ಬೆಲೆಗಳು ಹೊರಬಿದ್ದವು.

ಆ ಏಪ್ರಿಲ್ 2ರ ಸಂಗತಿಯೇ ಒಂದು ವಿಚಿತ್ರ. ಅಮೆರಿಕದಲ್ಲಿ ಯಂತ್ರದ ಬೆಲೆ 449 ಡಾಲರು 99 ಸೆಂಟೆಂದು ಕಂಪೆನಿ ಸಾರಿದ ದಿನವೇ ಅಧ್ಯಕ್ಷ ಟ್ರಂಪ್ ಅವರು ಜಗತ್ತಿನ ದೇಶಗಳ ಮೇಲೆಲ್ಲ ಹೊಸ ಆಮದು ಸುಂಕಗಳನ್ನು ಘೋಷಿಸಿದರು. ಯಂತ್ರಗಳು ತಯಾರಾಗುವುದು ವಿಯೆಟ್ನಾಮಿನಲ್ಲಿ, ಚೀನಾದಲ್ಲಿ. ಆ ಎರಡಕ್ಕೂ ಭಾರಿ ಸುಂಕ. ಏಪ್ರಿಲ್ 9ಕ್ಕೆ ಆರಂಭವಾಗಬೇಕಿದ್ದ ಮುಂಗಡ ಕಾಯ್ದಿರಿಸುವಿಕೆಯನ್ನು ನಿಂಟೆಂಡೊ ಅಮೆರಿಕದ ಮಟ್ಟಿಗೆ ಮುಂದೂಡಿತು. ಕೊನೆಗೆ ಅದು ಏಪ್ರಿಲ್ 24ಕ್ಕೆ ಆರಂಭವಾಯಿತು. ಜೂನ್ 5ರ ಮುಹೂರ್ತವೂ ಕದಲಲಿಲ್ಲ, ಯಂತ್ರದ ಬೆಲೆಯೂ ಆಗ ಬದಲಾಗಲಿಲ್ಲ. ಆದರೆ ಆ ಮೂರು ವಾರ, ಕಂಪೆನಿಯೇ ಬಾಯಿಬಿಟ್ಟು ಹೇಳಿದ ದಿನವೂ ಅನುಮಾನಕ್ಕೆ ಒಳಗಾಗಿತ್ತು. ಕ್ಯೋಟೊದಲ್ಲಿ ಬರೆದ ಪಂಚಾಂಗವನ್ನು ವಾಷಿಂಗ್ಟನ್ನಿನ ಗಾಳಿ ಅಲುಗಾಡಿಸಿತ್ತು. ಮಾರಾಟ ಆರಂಭವಾದ ನಾಲ್ಕೇ ದಿನಗಳಲ್ಲಿ 35 ಲಕ್ಷ ಯಂತ್ರಗಳು ಖರ್ಚಾದವು. ಇಷ್ಟು ಸರಕು ಸಂಗ್ರಹವಾಗುವ ತನಕ ಕಾದದ್ದೂ ತಡಕ್ಕೆ ಒಂದು ಕಾರಣವೆಂದು ಆಗ ಅರ್ಥವಾಯಿತು. ಸರಕು ಕಡಿಮೆಯಾದರೆ ಕಾಳಸಂತೆಯವರು ಎರಡರಷ್ಟು ಬೆಲೆಗೆ ಮಾರುತ್ತಾರೆ. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಲೋಕ ಅದನ್ನು ಕಂಡಿತ್ತು.

ನಮ್ಮ ದೇಶದ ಗಿರಾಕಿಗಾದರೆ ಇದರ ಮೇಲೆ ಎರಡನೆಯ ಕಾಯುವಿಕೆಯೂ ಇದೆ. ಅದೇ ಪ್ಲೇಸ್ಟೇಷನ್ 5 ಅಮೆರಿಕ, ಜಪಾನುಗಳಿಗೆ 2020ರ ನವೆಂಬರ್ 12ರಂದು ಬಂದರೆ, ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಬೆಲೆ 49,990 ರೂಪಾಯಿ. ಲೋಕಕ್ಕೆಲ್ಲ ಬೆಳಗಾದ ಮೇಲೆ ನಮ್ಮ ಬೀದಿಗೆ ಸೂರ್ಯ ಬರುವುದು ಎಷ್ಟು ಹೊತ್ತಿಗೆ ಎಂಬುದಕ್ಕೆ ಪ್ರತ್ಯೇಕವಾದ ಊಹಾಶಾಸ್ತ್ರ ಬೇಕಾಗುತ್ತದೆ. ಕೆಲವರು ಸಿಂಗಪುರದಿಂದಲೋ ದುಬೈಯಿಂದಲೋ ಬರುವ ನಂಟರಿಗೆ ಹೇಳಿಕಳಿಸಿ ಆ ಶಾಸ್ತ್ರದಿಂದ ಪಾರಾಗುತ್ತಾರೆ.

ಇನ್ನು ಮುಂದಿನ ಸರದಿ ಸೋನಿಯದು. ಸರಾಸರಿಯ ಭಕ್ತರಿಗೆ ಇಲ್ಲಿ ನಿಂಟೆಂಡೊಗಿಂತ ಹೆಚ್ಚು ಆಧಾರವಿದೆಯೆಂದು ಒಪ್ಪಬೇಕು. ಅದರ ಮೂರನೆಯ ಯಂತ್ರ 2006ರ ನವೆಂಬರಿನಲ್ಲಿ, ನಾಲ್ಕನೆಯದು 2013ರ ನವೆಂಬರಿನಲ್ಲಿ, ಐದನೆಯದು 2020ರ ನವೆಂಬರಿನಲ್ಲಿ. ಎರಡು ಸಲ ಏಳೇಳು ವರ್ಷ, ಅದೂ ಕ್ರಿಸ್‌ಮಸ್ ವ್ಯಾಪಾರದ ಹೊಸ್ತಿಲಲ್ಲಿ. ಈ ಎಣಿಕೆಯಂತೆ ಆರನೆಯದು 2027ರ ನವೆಂಬರಿಗೆ ಬರಬೇಕು. ನ್ಯಾಯಾಲಯದ ಕಾಗದಗಳು ಒಂದು ವರ್ಷ ಆಚೆಗೆ ಬೆರಳು ತೋರಿಸುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆ ಆಕ್ಟಿವಿಷನ್ ಎಂಬ ಆಟದ ಕಂಪೆನಿಯನ್ನು ಕೊಳ್ಳಹೊರಟಾಗ ಅಮೆರಿಕ ಸರ್ಕಾರ ತಡೆಯೊಡ್ಡಿ ವ್ಯಾಜ್ಯವಾಯಿತಷ್ಟೆ. 2023ರ ಸೆಪ್ಟೆಂಬರಿನಲ್ಲಿ ಆ ವ್ಯಾಜ್ಯದ ದಾಖಲೆಗಳ ಜತೆಗೆ ಅಕಸ್ಮಾತ್ತಾಗಿ ಹೊರಬಿದ್ದ ಮೈಕ್ರೋಸಾಫ್ಟಿನ ಒಳಗಿನ ಯೋಜನೆಯಲ್ಲಿ ಅವರ ಮುಂದಿನ ಎಕ್ಸ್‌ಬಾಕ್ಸಿಗೆ 2028ನೆಯ ವರ್ಷವನ್ನು ಗುರುತಿಸಲಾಗಿತ್ತು. ಇಂಥ ಕಂಪೆನಿಗಳಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಕೂರುವುದಿಲ್ಲ. ಆದರೆ ಆ ಕಾಗದವನ್ನು ಬರೆದದ್ದು 2022ರಲ್ಲಿ. 2025ರ ಕೊನೆಯ ಹೊತ್ತಿಗೆ ಕೃತಕ ಬುದ್ಧಿಯ ಕೇಂದ್ರಗಳು ಸ್ಮರಣೆಯ ಚಿಪ್ಪುಗಳನ್ನು ರಾಶಿ ರಾಶಿಯಾಗಿ ಕೊಳ್ಳತೊಡಗಿ, ಅವುಗಳ ಬೆಲೆ ಏರುತ್ತ ಹೋಯಿತು. ಆಟದ ಯಂತ್ರದಲ್ಲಿ ಆ ಚಿಪ್ಪಿನ ಪಾಲು ಸಣ್ಣದಲ್ಲ. ಅಕ್ಕಿಯ ಬೆಲೆ ಏರಿದಾಗ ಮದುವೆಯನ್ನು ಮುಂದಿನ ಸುಗ್ಗಿಗೆ ಹಾಕುವ ಗೃಹಸ್ಥನಂತೆ ಕಂಪೆನಿಯೂ ಯೋಚಿಸಬಹುದು.

ಪ್ಲೇಸ್ಟೇಷನ್ನಿನ ಶಿಲ್ಪಿಯಾದ ಮಾರ್ಕ್ ಸೆರ್ನಿ ಅವರು 2025ರ ಅಕ್ಟೋಬರಿನಲ್ಲಿ, ಎಎಂಡಿ ಎಂಬ ಚಿಪ್ಪು ಕಂಪೆನಿಯೊಡನೆ ತಾವು ನಡೆಸಿರುವ ಸಂಶೋಧನೆಯನ್ನು ವಿವರಿಸುತ್ತ, ಕೆಲವು ವರ್ಷಗಳಲ್ಲಿ ಬರುವ ಮುಂದಿನ ಕನ್ಸೋಲಿಗೆ ಇದನ್ನು ಅಳವಡಿಸುವ ಉತ್ಸಾಹ ತಮಗಿದೆಯೆಂಬ ಅರ್ಥದ ಮಾತಾಡಿದರು. ಕೆಲವು ಎಂಬ ಪದವನ್ನು ಅವರು ಆಯ್ದುಕೊಂಡದ್ದು ಸುಮ್ಮನೆ ಅಲ್ಲ. ಎರಡೂ ಕೆಲವೇ, ನಾಲ್ಕೂ ಕೆಲವೇ. 2027 ಎನ್ನುವವರೂ 2028 ಎನ್ನುವವರೂ ಅದೇ ಪದವನ್ನು ತಮ್ಮ ಪಕ್ಷದ ಸಾಕ್ಷಿಯೆಂದು ಎಳೆದಾಡುತ್ತಿದ್ದಾರೆ. ನಾನಾದರೆ ಆ ಪದವನ್ನು ಪಕ್ಕಕ್ಕಿಟ್ಟು, ಸೋನಿ ಪ್ರತಿ ವರ್ಷ ಮೇ ತಿಂಗಳಲ್ಲಿ ಮಂಡಿಸುವ ಲೆಕ್ಕಪತ್ರದಲ್ಲಿ ಐದನೆಯ ಯಂತ್ರದ ಮಾರಾಟ ಎಷ್ಟು ಇಳಿದಿದೆ, ಸ್ಮರಣೆಯ ಚಿಪ್ಪಿಗೆ ಅವರು ಎಷ್ಟು ಹಣ ತೆಗೆದಿಟ್ಟಿದ್ದಾರೆ ಎಂಬ ಎರಡು ಸಾಲುಗಳನ್ನು ಹುಡುಕುತ್ತೇನೆ.